ಅಮ್ಮಿಯ ಗೋರಿಗೆ ಕಳಿಸಿದ ಸಬ್ಜಾ

ತುಮಕೂರಿನ ಮರಳೂರಿನಲ್ಲಿ ಮುನವ್ವರಾ ಇರುವ ಮನೆಗೆ ಹಿತ್ತಲು ಅಂತ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಸಂಪಿಗೂ ಕಾಂಪೌಂಡ್ ಗೋಡೆಗೂ ನಡುವೆ ಮಂಚದಗಲದ ಮಣ್ಣು, ಅಷ್ಟೇ. ಗಂಡ ತೀರಿಕೊಂಡ ಮೇಲೆ ಸೀರೆಗೆ ಫಾಲ್ಸ್ ಹೊಲಿದು ಬದುಕುವ ಆಕೆ ಅಲ್ಲಿ ಬೆಳೆಯುವುದು ಒಂದೇ ಗಿಡ. ಪಕ್ಕದ ಮನೆಯಲ್ಲಿ ಹೂ ಕಟ್ಟುವ ಗಂಗಲಕ್ಷ್ಮಮ್ಮ ಅದನ್ನು ಕಾಮಕಸ್ತೂರಿ ಅನ್ನುತ್ತಾರೆ, ಮುನವ್ವರಾ ಸಬ್ಜಾ ಅನ್ನುತ್ತಾಳೆ.

ಬೀಜ ಆಕೆಯ ತಾಯಿ, ಅಮ್ಮಿ ಕೊಟ್ಟಿದ್ದು. ಬೆಳೆಸುವ ಬಗೆಯೂ ಅಮ್ಮಿಯದೇ. ಮರಳು ಬೆರೆಸಿದ ಮಣ್ಣಿಗೆ ಬೀಜ ಉದುರಿಸಿ ಮೇಲೆ ತೆಳ್ಳಗೆ ಮುಚ್ಚಬೇಕು, ಮೊಳಕೆ ಬರುವ ತನಕ ನೀರು ಚಿಮುಕಿಸಬೇಕು. ಆಮೇಲೆ ಅದರ ಪಾಡಿಗೆ ಬಿಡಬೇಕು. ಬಿಸಿಲು ತಡೆಯುತ್ತದೆ, ನೀರು ಹೆಚ್ಚಾದರೇ ಕೊಳೆಯುವುದು. ಚಿವುಟದೆ ಬಿಟ್ಟ ತೆನೆ ಒಣಗಿದಾಗ ಅಂಗೈಯಲ್ಲಿ ತಿಕ್ಕಿ ಊದಿದರೆ ಕರಿ ಬೀಜ ಉಳಿಯುತ್ತದೆ. ವರ್ಷದೊಳಗೆ ಮುಗಿದುಹೋಗುವ ಗಿಡ, ಬೀಜ ಹಿಡಿಯದಿದ್ದರೆ ಅಲ್ಲಿಗೆ ತೀರಿತು.

ಅಮ್ಮಿಯ ಗೋರಿ ಕುಣಿಗಲ್ಲಿನಲ್ಲಿದೆ. ಗೋರಿಯ ಮೇಲೆ ಹಸಿರಿರುವ ತನಕ ಅದು ಅಲ್ಲಾಹನನ್ನು ನೆನೆಯುತ್ತಿರುತ್ತದೆ, ಒಳಗಿರುವವರಿಗೆ ಹಗುರಾಗುತ್ತದೆ ಅಂತ ಆಕೆ ಚಿಕ್ಕಂದಿನಿಂದ ಕೇಳಿದ್ದಳು. ಆದರೆ ಅವರ ಮನೆತನದಲ್ಲಿ ಹೆಂಗಸರು ಖಬರಸ್ತಾನದೊಳಗೆ ಕಾಲಿಡುವುದಿಲ್ಲ. ಹಾಗಾಗಿ, ಗಂಡಸರು ಗೋರಿಗಳಿಗೆ ಹೋಗಿಬರುವ ಷಬೇ ಬರಾತ್ ಹತ್ತಿರ ಬಂತೆಂದರೆ ಕುಣಿಗಲ್ಲಿನ ತಮ್ಮ ಸಾದಿಕ್‌ನನ್ನು ಕರೆಸಿ, ಅಮ್ಮಿಯ ಗೋರಿ ಮೇಲೆ ಬಿತ್ತಿಬಿಡು ಅಂತ ಡಬ್ಬಿ ತುಂಬ ಬೀಜ ಕೊಡುವಳು.

ಅವನು ಫೋನ್ ಮಾಡಿ, ಗಿಡ ಮೊಣಕಾಲುದ್ದ ಬಂದಿದೆ, ಗೇಟಿನ ತನಕ ಘಮ ಬರುತ್ತೆ ಅನ್ನುವನು. ಒಂದು ಸಲ ಆಕೆ ಬೇಡಿದ್ದಕ್ಕೆ ಕುಡಿಯನ್ನೂ ತಂದುಕೊಟ್ಟ. ಅದಕ್ಕೆ ಬಾಳೆನಾರು ಸುತ್ತಿತ್ತು. ಎಷ್ಟು ಜೋಪಾನವಾಗಿ ತಂದಿದ್ದಾನೆ ಅಂದುಕೊಂಡು ದಿಂಬಿನಡಿ ಇಟ್ಟುಕೊಂಡಳು. ನಮಾಜಿನ ಕೊನೆಗೆ, ಅಮ್ಮಿಯ ಮೇಲೆ ಹಸಿರಿಟ್ಟಿದ್ದಕ್ಕೆ ಅಲ್ಲಾಹನಿಗೆ ಕೃತಜ್ಞತೆಯ ಶುಕ್ರಾನಾ ಹೇಳುವುದು ಆಕೆಗೆ ರೂಢಿಯಾಯಿತು.

ಗಂಗಲಕ್ಷ್ಮಮ್ಮ ರೇಗಿಸುವರು: "ಹಾರಕ್ಕೆ ಕುಡಿ ಕೇಳಿದ್ರೆ ಬೊಗಸೆ ತುಂಬ ಕೊಡ್ತೀಯ ಕಣೇ, ಬೀಜ ಅಂದ್ರೆ ಮಾತ್ರ ಮುಷ್ಟಿ ಬಿಗಿ."

ಈ ರಂಜಾನಿನಲ್ಲಿ ತಮ್ಮ ಇಫ್ತಾರಿಗೆ ಕರೆದ. ಅಜಾನ್ ಆಗುತ್ತಲೇ ಖರ್ಜೂರ ತಿಂದು, ಅವನ ಹೆಂಡತಿ ಅರ್ಶಿಯಾ ಕೊಟ್ಟ ಶರಬತ್ತನ್ನು ಮುನವ್ವರಾ ಅರ್ಧ ಕುಡಿದಿದ್ದಳು. ನೆಂದು ಉಬ್ಬಿದ ಬೀಜ ಲೋಟದ ತುಂಬ ತೇಲುತ್ತಿದ್ದವು.

"ನಿಮ್ಮದೇ ಸಬ್ಜಾ, ಆಪಾ," ಅಂದಳು ಅರ್ಶಿಯಾ. "ಪ್ರತಿ ರಂಜಾನಿಗೂ ಮರೀದೆ ಕಳಿಸ್ತೀರ. ಅಂಗಡೀದು ಹಿಂಗೆ ಅರಳಲ್ಲ."

ಅವಳ ಮಾತಿನಲ್ಲಿ ಕಪಟವಿರಲಿಲ್ಲ. ಗಂಡ ಹೇಳಿದ್ದನ್ನು ನಂಬಿದ್ದಳು, ಅಷ್ಟೇ. ಮುನವ್ವರಾ ತಮ್ಮನ ಕಡೆ ನೋಡಿದಳು. ಅವನು ಪಕೋಡದ ತಟ್ಟೆ ನೋಡುತ್ತಿದ್ದ.

"ಅಮ್ಮಿ ಮೇಲೆ ಏನಿದೆಯೋ, ಸಾದಿಕ್?"

ಮೊದಲ ವರ್ಷ ಹಾಕಿದ್ದನಂತೆ, ಇರುವೆ ಹೊತ್ತುಕೊಂಡು ಹೋದವಂತೆ. ಬೇಜಾರು ಮಾಡ್ಕೋತೀಯ ಅಂತ ಹೇಳಲಿಲ್ಲ ಅಂದ. ಆಮೇಲಿನ ವರ್ಷಗಳು? "ನೀನು ಕೇಳ್ತಾ ಹೋದೆ ಆಪಾ, ನಾನು ಹೇಳ್ತಾ ಹೋದೆ."

ಬಾಳೆನಾರು ಸುತ್ತಿದ ಕುಡಿ ಹೂವಿನಂಗಡಿಯದು ಅಂತ ಆಕೆಗೆ ಆಗ ಹೊಳೆಯಿತು.

"ಹಾಕಲಿಲ್ಲ ಅಂದಿದ್ರೆ ಅತ್ತು ಸುಮ್ಮನಾಗ್ತಿದ್ದೆ," ಅಂದಳು ಮೆಲ್ಲಗೆ. "ಇಲ್ಲದ ಗಿಡಕ್ಕೆ ಅಲ್ಲಾಹನ ಮುಂದೆ ಶುಕ್ರಾನಾ ಹೇಳಿಸಿದೆಯಲ್ಲೋ."

ಉಪವಾಸ ಬಿಡಲು ಕೊಟ್ಟ ಶರಬತ್ತನ್ನು ಚೆಲ್ಲಲು ಮನಸ್ಸಾಗಲಿಲ್ಲ. ಉಳಿದದ್ದನ್ನೂ ಕುಡಿದಳು. ಬೀಜ ಒಂದೊಂದೇ ಗಂಟಲಲ್ಲಿ ಜಾರಿದವು.

ಮಳೆ ಬಿದ್ದ ಮೇಲೆ ಸಂಪಿನ ಪಕ್ಕದ ಗಿಡಗಳು ತೆನೆ ಬಿಟ್ಟವು. ಮುನವ್ವರಾ ಎಲ್ಲವನ್ನೂ ಚಿವುಟಿ ಗಂಗಲಕ್ಷ್ಮಮ್ಮನ ಬುಟ್ಟಿಗೆ ಹಾಕಿದಳು.

"ಬೀಜಕ್ಕೆ ಒಂದಾದ್ರೂ ಬುಡು," ಅಂದರು ಗಂಗಲಕ್ಷ್ಮಮ್ಮ.

"ಬೀಜ ಹಿಡಿದು ಯಾರ ಕೈಲಿ ಕಳಿಸ್ಲಿ ಅಕ್ಕ?"

ಅವರು ಬುಟ್ಟಿಯನ್ನು ಎತ್ತಿಕೊಳ್ಳದೆ ನಿಂತೇ ಇದ್ದರು. ಮುನವ್ವರಾ ನಮಾಜಿಗೆ ಮುಂಚೆ ಕೈಕಾಲು ತೊಳೆಯುವ ವಜೂಗೆಂದು ನಲ್ಲಿ ತಿರುಗಿಸಿದಳು. ಎಷ್ಟು ತೊಳೆದರೂ ಬೆರಳಿನ ಘಮ ಹೋಗಲಿಲ್ಲ.