ಊರಿಗೊಂದು ಹೆಲ್ಮೆಟ್

ನನ್ನ ತಲೆಯಲ್ಲಿ ಕೂದಲಿಲ್ಲ. ಆದರೂ ಕೆಲವು ದಿನ ಅದು ಮಲ್ಲಿಗೆ ಎಣ್ಣೆಯ ವಾಸನೆ ಬೀರುತ್ತಿತ್ತು. ಹೆಂಡತಿ ಅನುಮಾನದಿಂದ ನೋಡಿದಳು. ತಪ್ಪು ನನ್ನದಲ್ಲ, ಅಂಬೇವಾಡಿಯ ರಫೀಕನ ಗ್ಯಾರೇಜಿನ ಮೊಳೆಗೆ ತೂಗುತ್ತಿದ್ದ ಹಳದಿ ಹೆಲ್ಮೆಟ್ಟಿನದು.

ಅದು ಯಾರದ್ದೂ ಅಲ್ಲ, ಎಲ್ಲರದ್ದು. ಪೇಟೆಯಲ್ಲಿ ಪೊಲೀಸರು ನಿಂತಿದ್ದಾರೆಂದು ಸುದ್ದಿ ಬಂದರೆ ಅದನ್ನು ಹಾಕಿಕೊಳ್ಳುವುದು, ಪೇಟೆ ದಾಟಿ ಹಳಿಯಾಳ ರಸ್ತೆಯ ಚಹಾದಂಗಡಿಯಲ್ಲಿ ಬಿಚ್ಚಿಡುವುದು. ಆ ಕಡೆಯಿಂದ ಬರುವವರು ಅದನ್ನೇ ಹಾಕಿಕೊಂಡು ಗ್ಯಾರೇಜಿಗೆ ಮುಟ್ಟಿಸುತ್ತಿದ್ದರು. ಹಿಂದೆ ರಾಜರು ಕಿರೀಟಕ್ಕಾಗಿ ತಲೆ ಕಡಿದುಕೊಳ್ಳುತ್ತಿದ್ದರಂತೆ. ನಾವು ಒಂದೇ ಕಿರೀಟವನ್ನು ಜಗಳವಿಲ್ಲದೆ ಹಂಚಿಕೊಂಡವರು. ಗಾಡಿ ತೆವಳುವ ಪೇಟೆಯಲ್ಲಿ ಹೆಲ್ಮೆಟ್, ಓಟ ಕೀಳುವ ಕಾಡಿನ ರಸ್ತೆಯಲ್ಲಿ ಬರಿದಲೆ. ಇದು ನಮಗ್ಯಾರಿಗೂ ವಿಚಿತ್ರವೆನಿಸಲಿಲ್ಲ.

ನೆರೆಮನೆಯ ಈರಪ್ಪ ಧಾರವಾಡದ ಕಡೆಯಿಂದ ಕಾಗದದ ಗಿರಣಿಯ ಕೆಲಸಕ್ಕೆ ಬಂದವನು. ಇದಕ್ಕೊಂದು ಸಿದ್ಧಾಂತವನ್ನೇ ಕಟ್ಟಿದ್ದ.

"ತಲಿ ನಂದು, ಗಾಡಿ ನಂದು. ನಡುವ ಸರಕಾರದ್ದೇನೈತ್ರೀ ಮಾಸ್ತರ?"

ಸ್ವಾತಂತ್ರ್ಯದ ಮಾತು ಬಂದರೆ ತಲೆದೂಗುವುದು ನನ್ನ ಹಳೆಯ ಚಟ. ತಲೆದೂಗಿದೆ. ಅವನ ಹೆಂಡತಿ ಗಿರಿಜವ್ವ ಮಾತ್ರ ಒಳಗಿನಿಂದ, "ತಲಿ ಅವರದ ಖರೆ. ಮನಿ ನಿಂತದ್ದು ಅದರ ಮ್ಯಾಲೇ ಅಲ್ರೀ?" ಎಂದಳು. ನಾವಿಬ್ಬರೂ ನಕ್ಕೆವು.

ಹೋದ ವರ್ಷ ಈರಪ್ಪ ಹಳಿಯಾಳಕ್ಕೆ ಹೊರಟ. ಚಹಾದಂಗಡಿಯಲ್ಲಿ ಹೆಲ್ಮೆಟ್ ಬಿಚ್ಚಿಟ್ಟು, ಚಹಾ ಕುಡಿದು ಮುಂದೆ ಹೋದ. ಕಾಡಿನ ತಿರುವಿನಲ್ಲಿ ಹಂದಿ ಅಡ್ಡ ಬಂತು. ಕೈಕಾಲಿಗೆಲ್ಲ ಬರೀ ತರಚು ಗಾಯ. ಪೆಟ್ಟು ಬಿದ್ದದ್ದು ತಲೆಗೆ. ಹೆಲ್ಮೆಟ್ ಇನ್ಯಾರದೋ ತಲೆಯೇರಿ, ಅವನ ಹೆಣಕ್ಕಿಂತ ಮೊದಲೇ ಅಂಬೇವಾಡಿ ಸೇರಿ ಮೊಳೆಯಲ್ಲಿ ತೂಗುತ್ತಿತ್ತು.

ಕರ್ಮಗಳೆಲ್ಲ ಮುಗಿದ ಮೇಲೆ ಗಿರಿಜವ್ವ ಗ್ಯಾರೇಜಿಗೆ ಬಂದು ಹೆಲ್ಮೆಟ್ ಕೇಳಿದಳು. ನಾನೂ ಅಲ್ಲಿದ್ದೆ. ರಫೀಕ ತೆಗೆದುಕೊಟ್ಟ. ಅವಳು ಅದನ್ನು ಮುಖಕ್ಕೆ ಹಿಡಿದು ಮೂಸಿದಳು, ಮತ್ತೆ ಮೂಸಿದಳು.

"ಎಲ್ಲಾರ ವಾಸನಿ ಐತಿ ರಫೀಕಣ್ಣ. ಇದ್ರಾಗ ಅವರದು ಯಾವ್ದಂತ ಗೊತ್ತಾಗವಲ್ದು."

"ಮಾಫ್ ಮಾಡ್ರಿ ವೈನಿ," ಎಂದ ರಫೀಕ. ಅವಳು ಹೋದ ಮೇಲೆ ಮೊಳೆಯನ್ನೇ ಕಿತ್ತುಹಾಕಿದ.

ಈಗ ನನಗೊಂದು ಸ್ವಂತ ಹೆಲ್ಮೆಟ್ ಇದೆ. ಸೆಕೆಗೆ ತಲೆ ಬೇಯುತ್ತದೆ, ಕಿವಿ ಉರಿಯುತ್ತದೆ, ಸರಕಾರವನ್ನು ಬೈಯುತ್ತಲೇ ಹಾಕಿಕೊಳ್ಳುತ್ತೇನೆ. ಮೊನ್ನೆ ಹೆಂಡತಿ ಅದನ್ನು ಒರೆಸಲು ಹೋಗಿ ಮೂಗು ಮುಚ್ಚಿಕೊಂಡಳು.

"ಏನ್ರೀ ಇದು, ಬರೇ ನಿಮ್ಮ ಬೆವರಿನ ನಾತ!"

"ಇರ್ಲಿ ಬಿಡು, ಒರಸಬ್ಯಾಡ," ಎಂದೆ.