ಬುದ್ಧಿ ಸರಿಯಿದ್ದ ದಿನ

ಒಗೆದ ಬಟ್ಟೆ ಎಂದು ಜನ ತಂದುಕೊಡುವುದರಲ್ಲಿ ಅರ್ಧಕ್ಕರ್ಧ ಒಗೆದದ್ದೇ ಅಲ್ಲ ಎಂಬುದು ಇಸ್ತ್ರಿ ಅಕ್ಕನಿಗೆ ಗೊತ್ತಿದ್ದಷ್ಟು ಇನ್ನು ಯಾರಿಗೂ ಗೊತ್ತಿರಲಿಲ್ಲ. ಕಾದ ಇಸ್ತ್ರಿಪೆಟ್ಟಿಗೆ ತಾಗಿದ್ದೇ ತಡ, ಕಂಕುಳಿನ ಹಳೇ ಬೆವರು ಘಮ್ಮೆಂದು ಎದ್ದು ಮುಖಕ್ಕೆ ಹೊಡೆಯುತ್ತಿತ್ತು. "ಥೂ, ಮೇಲೆಲ್ಲ ಸೆಂಟು, ಒಳಗೆಲ್ಲ ಗಬ್ಬು" ಎಂದು ಅವಳು ಗೊಣಗಿಕೊಂಡೇ ಮಡಿಕೆ ಹಾಕುತ್ತಿದ್ದಳು. ಬೀದಿಯ ದೊಡ್ಡ ಮನುಷ್ಯರೆಲ್ಲ ಅವಳ ಮೇಜಿನ ಮೇಲೆ ಕಾಲರು ಬಿಚ್ಚಿ ಮಲಗಿದವರೇ. ಹಾಗಾಗಿ ಅವಳಿಗೆ ಯಾರ ಮೇಲೂ ಅಂಥಾ ಗೌರವವೇನೂ ಇರಲಿಲ್ಲ.

ಒಬ್ಬನನ್ನು ಬಿಟ್ಟು. ಅವನು ಅವಳ ಅಣ್ಣ. ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದವನು, ಆದ್ದರಿಂದ ಎಲ್ಲರಿಗೂ ಬೋರ್ಡಣ್ಣ. ಮುಂದಿನ ಕೋಣೆಯಲ್ಲಿ ಇವಳ ಇಸ್ತ್ರಿ ಮೇಜು, ಹಿಂದಿನ ಕೋಣೆಯಲ್ಲಿ ಅವನ ಬಣ್ಣದ ಡಬ್ಬಿ, ಟರ್ಪೆಂಟೈನು, ಕುಂಚ, ಹಾಸಿಗೆ. ಮನೆ ಎಂದರೆ ಅಷ್ಟೇ. ಆದರೆ ಅದು ಬೀದಿಯ ಮೂಲೆಯಲ್ಲಿತ್ತು, ಅದೇ ಅದರ ಗ್ರಹಚಾರ. ಅಪ್ಪ ಸಾಯುವಾಗ ಮನೆಯನ್ನು ಅಣ್ಣನೊಬ್ಬನ ಹೆಸರಿಗೇ ಬರೆದಿದ್ದ. "ಇವನಿಗೆ ತಲೆ ಕೆಟ್ಟಾಗ ಯಾರೂ ಇವನನ್ನ ಹೊರಗೆ ಹಾಕೋ ಹಾಗಿರಬಾರದು" ಎಂದಿದ್ದ ಪುಣ್ಯಾತ್ಮ.

ತಲೆ ಕೆಡುತ್ತಿದ್ದದ್ದು ನಿಜ. ಮಾತ್ರೆ ತಪ್ಪದೆ ನುಂಗಿದರೆ ವರ್ಷದಲ್ಲಿ ಬಹುಪಾಲು ಬೋರ್ಡಣ್ಣ ನಿಮ್ಮ ನಮ್ಮ ಹಾಗೆಯೇ. ಅಲ್ಲ, ನಮಗಿಂತ ಒಂದು ಕೈ ಮೇಲೇ. ಅಂಗಡಿಯವರು ಹಸಿರಿನ ಮೇಲೆ ಕೆಂಪು ಬರೆಯಲು ಹೇಳಿದರೆ "ಅದು ಬೋರ್ಡಲ್ಲ ಸ್ವಾಮಿ, ಕಣ್ಣುನೋವು" ಎಂದು ಜಗಳಕ್ಕೇ ನಿಲ್ಲುತ್ತಿದ್ದ. ಮಾತ್ರೆ ತಪ್ಪಿದರೆ ಮಾತ್ರ ಬೇರೆಯೇ ಮನುಷ್ಯ. ಗೋಡೆ ನೋಡುತ್ತ ಕೂರುತ್ತಿದ್ದ, ಯಾರು ಏನು ಹೇಳಿದರೂ "ಆಗಲಿ" ಎನ್ನುತ್ತಿದ್ದ. ಕೈಗೆ ಕುಂಚವೋ ಸೀಮೆಸುಣ್ಣವೋ ಕೊಟ್ಟು ಏನು ಹೇಳಿದರೆ ಅದನ್ನು ಬರೆಯುತ್ತಿದ್ದ. ಒಮ್ಮೆ ಬೀದಿಯ ಕೊನೆಯ ಸೈಕಲ್ ಅಂಗಡಿಯವನು ಅವನ ಕೈಲಿ ಗೋಡೆಯ ಮೇಲೆ "ನಾನು ಕತ್ತೆ" ಎಂದು ಬರೆಸಿ, ನಾಲ್ಕು ಜನರನ್ನು ಕರೆದು ತೋರಿಸಿದ್ದ. ಅಕ್ಷರ ಮಾತ್ರ ಮುತ್ತಿನಂಥವು. ಅಕ್ಕ ಒದ್ದೆ ಬಟ್ಟೆ ತಂದು ಒರೆಸುವಾಗ ಆ ನಾಲ್ವರೂ ಹಲ್ಲು ಗಿಂಜುತ್ತಲೇ ಇದ್ದರು. ಛೀ, ಅವರೂ ಮನುಷ್ಯರೇ.

ಅಂದಿನಿಂದ ಅವಳು ಅಣ್ಣನ ಕಾಯಿಲೆಯನ್ನು ಮುಚ್ಚಿಟ್ಟಳು. ಕೆಟ್ಟ ದಿನಗಳಲ್ಲಿ ಹಿಂದಿನ ಕೋಣೆಯ ಬಾಗಿಲು ಎಳೆದು, ಕೇಳಿದವರಿಗೆಲ್ಲ "ಬೇರೆ ಊರಲ್ಲಿ ದೊಡ್ಡ ಕೆಲಸ ಸಿಕ್ಕಿದೆ, ಹೋಗಿದ್ದಾನೆ" ಎನ್ನುತ್ತಿದ್ದಳು. ನಮ್ಮಣ್ಣನಿಗೆ ಬುದ್ಧಿ ಸರಿಯಿಲ್ಲ ಎಂಬ ಮಾತು ಅವಳ ಬಾಯಿಂದ ಒಂದು ಸಲವೂ ಬಂದಿರಲಿಲ್ಲ.

ಇನ್ನು ಇವರಿಬ್ಬರ ತಮ್ಮನ ವಿಷಯ. ಅವನ ಬಗ್ಗೆ ಬರೆಯಲು ಹೊರಟರೆ ಕೈ ತೊಳೆದುಕೊಳ್ಳಬೇಕು ಅನ್ನಿಸುತ್ತದೆ. ಕಾರು, ಉಂಗುರ, ಹೊಟ್ಟೆ, ಎಲ್ಲ ಇದ್ದವು. ಆದರೂ ಗಂಡ ಹೆಂಡತಿ ಇಬ್ಬರ ಬಟ್ಟೆಯೂ ವಾರವಾರ ಅಕ್ಕನ ಮೇಜಿಗೇ ಬರುತ್ತಿತ್ತು, ಬಿಟ್ಟಿ. "ಮನೇಲೇ ಇಸ್ತ್ರಿ ಇರೋವಾಗ ಹೊರಗೆ ಯಾಕಕ್ಕ ಕೊಡೋದು" ಎನ್ನುತ್ತಿದ್ದ. ಪಕ್ಕದ ಟೈಲ್ಸ್ ಅಂಗಡಿಯವನಿಗೆ ಗೋದಾಮು ಮಾಡಲು ಮೂಲೆಮನೆ ಬೇಕಾಗಿತ್ತು. ಇವನ ಬಾಯಲ್ಲಿ ನೀರೂರಿತು. ಒಂದು ದಿನ ಅಣ್ಣ ಚೆನ್ನಾಗಿದ್ದಾಗ ಬಂದು ಕೂತ.

"ಅಣ್ಣಾ, ಈ ಹಳೇ ಗೂಡಿಟ್ಕೊಂಡು ಏನ್ ಮಾಡ್ತೀಯ? ಮಾರಿಬಿಡೋಣ."

"ಬೇಡ."

"ನಮ್ಮನೇಲಿ ನಿಂಗೊಂದು ರೂಮು ಕೊಡ್ತೀನಿ."

"ಬೇಡ ಅಂದ್ನಲ್ಲ."

"ಅಕ್ಕಂಗೂ ಒಂದು ವ್ಯವಸ್ಥೆ..."

"ಲೋ, ಹುಚ್ಚ ನಾನೋ ನೀನೋ? ಒಂದು ಸಲ ಹೇಳಿದ್ರೆ ಕೇಳಿಸಲ್ವಾ ನಿಂಗೆ?"

ತಮ್ಮ ಮತ್ತೆ ಮತ್ತೆ ಬಂದ, ಮತ್ತೆ ಮತ್ತೆ ಅದೇ ಉತ್ತರ ಪಡೆದ. ಆಗ ಆ ಕುತಂತ್ರಿಗೆ ಹೊಳೆದದ್ದು ಇಷ್ಟು: ಬುದ್ಧಿ ಸರಿಯಿದ್ದಾಗ ಇವನು ಸಹಿ ಹಾಕುವುದಿಲ್ಲ, ಬುದ್ಧಿ ಕೆಟ್ಟಾಗ ಏನಕ್ಕೆ ಬೇಕಾದರೂ ಹಾಕುತ್ತಾನೆ. ಬುದ್ಧಿ ಕೆಟ್ಟವನ ಸಹಿ ಕಾನೂನಿನಲ್ಲಿ ನಿಲ್ಲುವುದಿಲ್ಲ, ನಿಜ. ಆದರೆ ಕೆಟ್ಟಿದೆ ಎಂದು ಹೇಳುವವರು ಯಾರು? ಅಕ್ಕ ಒಬ್ಬಳೇ, ಅವಳೋ ಊರಿಗೆಲ್ಲ ಅಣ್ಣ ಚೆನ್ನಾಗಿದ್ದಾನೆ ಎಂದೇ ಹೇಳಿಕೊಂಡು ಬಂದವಳು.

ಒಂದು ಬೆಳಿಗ್ಗೆ ಕಾರು ತಂದು ನಿಲ್ಲಿಸಿದ. "ಅಣ್ಣ ನಮ್ಮನೇಲಿ ಸ್ವಲ್ಪ ದಿನ ಇರಲಿ ಅಕ್ಕ. ನಿಂಗೂ ಒಂದಿಷ್ಟು ಬಿಡುವು ಸಿಗಲಿ." ಎಂದೂ ಇಲ್ಲದ ಅಕ್ಕರೆ. ಅಕ್ಕನಿಗೆ ಆಗಲೇ ವಾಸನೆ ಹತ್ತಬೇಕಿತ್ತು. ಆದರೆ ಒಡಹುಟ್ಟಿದವನ ಬಾಯಲ್ಲಿ ಒಂದು ಒಳ್ಳೆ ಮಾತು ಬಂದರೆ ಯಾರಿಗೆ ತಾನೆ ಕರುಳು ಕರಗುವುದಿಲ್ಲ? ಮಾತ್ರೆಗಳನ್ನೆಲ್ಲ ಅಣ್ಣನ ಅಂಗಿಯ ಜೇಬಿಗಿಟ್ಟು, ಹೇಗೆ ಕೊಡಬೇಕೆಂದು ತಮ್ಮನ ಹೆಂಡತಿಗೆ ಫೋನಿನಲ್ಲಿ ಎರಡೆರಡು ಸಲ ಹೇಳಿ ಕಳಿಸಿದಳು. "ಅಯ್ಯೋ, ನಮ್ಮ ಭಾವನೋರಲ್ವಾ, ನಾನು ನೋಡ್ಕೋತೀನಿ ಬಿಡಿ ಅತ್ತಿಗೆ" ಎಂದಿದ್ದಳು ಆ ಗಿಲೀಟಿನ ಗೊಂಬೆ.

ಕೆಲವು ದಿನ ಕಳೆದ ಮೇಲೆ ಒಬ್ಬ ಆಟೋದವನು ಬಟ್ಟೆಯ ಚೀಲ ತಂದು ಮೇಜಿನ ಮೇಲೆ ಕುಕ್ಕಿದ. "ನಿಮ್ಮ ತಮ್ಮನ ಮನೆಯಿಂದ. ಅರ್ಜೆಂಟಂತೆ. ನಾಳೆ ರಿಜಿಸ್ಟ್ರಾರ್ ಆಫೀಸಿಗೆ ಹಾಕ್ಕೊಂಡು ಹೋಗ್ಬೇಕಂತೆ." ಅಕ್ಕ ಒಂದೊಂದೇ ತೆಗೆದಳು. ತಮ್ಮನ ಬಿಳಿ ಅಂಗಿ, ಅವನ ಹೆಂಡತಿಯ ಸೀರೆ, ಅಡಿಯಲ್ಲಿ ಅಣ್ಣನ ಅಂಗಿ. ಅದು ನಾರುತ್ತಿತ್ತು. ಕಳಿಸಿದ ದಿನದಿಂದ ಯಾರೂ ಅದನ್ನು ಬಿಚ್ಚಿಸಿಯೇ ಇಲ್ಲ ಎಂಬಂತೆ ನಾರುತ್ತಿತ್ತು. ಜೇಬಿನಲ್ಲಿ ಏನೋ ಕರಕರ ಅಂದಿತು. ಮಾತ್ರೆ. ಪಟ್ಟಿಯಿಂದ ಒಂದೂ ತೆಗೆದಿರಲಿಲ್ಲ.

ಅವಳು ಮಾತ್ರೆಗಳನ್ನು ತೆಗೆದು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಲೂಟಿ ಹೊಡೆಯಲು ಹೊರಟವರು ಲೂಟಿಗೆ ಹಾಕಿಕೊಳ್ಳುವ ಬಟ್ಟೆಯನ್ನೂ ಬಿಟ್ಟಿಯಾಗಿ ಇಸ್ತ್ರಿ ಮಾಡಿಸಿಕೊಳ್ಳಬೇಕೇ? ಎಂಥಾ ಹೊಟ್ಟೆಬಾಕ ಜನ್ಮವಪ್ಪ! ಚೀಲವನ್ನು ಹಾಗೇ ಆಟೋದವನ ಕೈಗೆ ತುರುಕಿ, "ಹೋಗು, ಸುಕ್ಕಲ್ಲೇ ಹಾಕ್ಕೊಂಡು ಸಾಯ್ಲಿ ಅಂತ ಹೇಳು" ಎಂದಳು.

ಮರುದಿನ ಆಫೀಸಿನ ಬಾಗಿಲು ತೆಗೆಯುವ ಮೊದಲೇ ಅವಳು ಅಲ್ಲಿದ್ದಳು. ಹೆಬ್ಬೆಟ್ಟು ಒತ್ತಿದವರೆಲ್ಲ ಮಸಿಯನ್ನು ಒರೆಸಿಟ್ಟು ಹೋದ ಗೋಡೆ, ನೆಲದಿಂದ ಎದೆಯೆತ್ತರದವರೆಗೂ ನೀಲಿ ಹೊಲಸು. ಅದಕ್ಕೆ ಒರಗಿಕೊಂಡೇ ಜನ ಆಸ್ತಿ ಕೊಳ್ಳುತ್ತಿದ್ದರು, ಮಾರುತ್ತಿದ್ದರು. ತಮ್ಮನೂ ಟೈಲ್ಸ್ ಅಂಗಡಿಯವನೂ ಅಣ್ಣನನ್ನು ಆಚೀಚೆ ಹಿಡಿದುಕೊಂಡು ಬಂದರು. ಗಡ್ಡ ಬೆಳೆದಿತ್ತು, ತುಟಿ ಒಣಗಿತ್ತು. ಅಣ್ಣ ಅವಳನ್ನು ನೋಡಿದ, ಗುರುತು ಹಿಡಿಯಲಿಲ್ಲ.

ಅವಳನ್ನು ಕಂಡು ತಮ್ಮನ ಮುಖ ಬಿಳಿಚಿತು. ಆದರೂ ಭಂಡ, ಬಿಡುತ್ತಾನೆಯೇ? ಅಣ್ಣನನ್ನು ಅಧಿಕಾರಿಯ ಮುಂದೆ ಕೂರಿಸಿ ಕೈಗೆ ಪೆನ್ನು ಕೊಟ್ಟ. ಅಣ್ಣ ಸಹಿ ಹಾಕಿದ. ಎಂಥಾ ಸಹಿ! ಕಣ್ಣಿಗೆ ಒತ್ತಿಕೊಳ್ಳಬೇಕು, ಹಾಗೆ.

"ಅವನಿಗೆ ಈಗ ಏನೂ ತಿಳಿಯಲ್ಲ ಸಾರ್" ಎಂದಳು ಅಕ್ಕ.

"ಇಷ್ಟು ಚೆಂದ ಸಹಿ ಹಾಕ್ತಿದ್ದಾರೆ, ತಿಳಿಯಲ್ಲ ಅಂದ್ರೆ?" ಎಂದ ಅಧಿಕಾರಿ.

"ಅಣ್ಣಂಗೆ ಬುದ್ಧಿ ಬೆಂಕಿ ಸಾರ್. ಮಾತು ಸ್ವಲ್ಪ ಕಮ್ಮಿ, ಕಲಾವಿದರು ನೋಡಿ" ಎಂದು ತಮ್ಮ ನಕ್ಕ. "ಇವಳಿಗೆ ಮನೆ ಕೈ ತಪ್ಪುತ್ತೆ ಅಂತ ಹೊಟ್ಟೆಯುರಿ."

"ಈಗ ಸಹಿ ಹಾಕಿದ್ದು ಏನು ಅಂತ ಅವನನ್ನೇ ಕೇಳಿ."

ಅಧಿಕಾರಿ ಕೇಳಿದ. ಅಣ್ಣ ಕಾಗದದ ಮೇಲೆ ಬಗ್ಗಿ ತನ್ನ ಅಕ್ಷರವನ್ನು ಪ್ರೀತಿಯಿಂದ ಊದಿದ. "ಬೋರ್ಡು. ಬಣ್ಣ ಒಣಗೋವರೆಗೂ ಯಾರೂ ಮುಟ್ಟಬೇಡಿ."

ಬೆಂಚಿನ ಮೇಲಿದ್ದವರೆಲ್ಲ ಗೊಳ್ಳೆಂದರು. ಅಧಿಕಾರಿ ಮಾತ್ರ ನಗಲಿಲ್ಲ, ನಾಳೆ ತನ್ನ ತಲೆಗೆ ಬಂದೀತೆಂದು ಹೆದರಿದ. ಪತ್ರವನ್ನು ಪಕ್ಕಕ್ಕೆ ಸರಿಸಿ ಅಕ್ಕನಿಗೆ ಹೇಳಿದ: "ನಿಲ್ಲಿಸ್ತೀನಿ. ಆದ್ರೆ ಸುಮ್ನೆ ಆಗಲ್ಲ. ಇವರ ಬುದ್ಧಿ ಸ್ಥಿಮಿತದಲ್ಲಿಲ್ಲ ಅಂತ ನೀವು ಬರೆದು ಕೊಡಬೇಕು." ಅಷ್ಟು ವರ್ಷ ಹಲ್ಲು ಕಚ್ಚಿ ತಡೆದ ಮಾತು. ಗುಮಾಸ್ತ ಹೇಳಿದ, ಅವಳು ಬರೆದಳು, ಸಹಿ ಹಾಕಿದಳು. ಮನೆ ಉಳಿಯಿತು.

ಅಣ್ಣನನ್ನು ಮನೆಗೆ ಕರೆತಂದು ಮೈ ತೊಳೆಸಿ ಮತ್ತೆ ಮಾತ್ರೆ ಶುರು ಮಾಡಿದಳು. ನಿಧಾನವಾಗಿ ಅವನು ಅವನಾದ. ಕೆಟ್ಟ ದಿನಗಳದ್ದು ಅವನಿಗೆ ಏನೂ ನೆನಪಿರುತ್ತಿರಲಿಲ್ಲ. ತಮ್ಮ ಮನೆ ಮಾರಿಸಲು ಹೋಗಿದ್ದ, ತಾನು ತಡೆದೆ ಎಂದಷ್ಟೇ ಅಕ್ಕ ಹೇಳಿದಳು. ಹೇಗೆ ತಡೆದೆ ಎಂಬುದನ್ನು ಹೇಳಲಿಲ್ಲ. ಅಣ್ಣ, "ಈ ಮನೇನ ನಿನ್ನ ಹೆಸರಿಗೆ ಬರೆದುಬಿಡ್ತೀನಿ ಕಣೇ. ನಂಗೆ ಮತ್ತೆ ಕೆಟ್ಟಾಗ ಅವನು ಇನ್ನೊಂದು ಸಲ ಬರ್ತಾನೆ. ನಡಿ, ಚೆನ್ನಾಗಿರೋವಾಗ್ಲೇ ಮುಗಿಸೋಣ" ಎಂದ. ಬೇಡ ಅನ್ನಲು ಅವಳಿಗೆ ಕಾರಣ ಹೇಳಲಾಗಲಿಲ್ಲ. ಸರಿಯಿದ್ದಾಗ ಮಾಡಿದ್ದು ನಡೆಯಲೇಬೇಕಲ್ಲ ಎಂದು ತನಗೆ ತಾನೇ ಧೈರ್ಯ ಹೇಳಿಕೊಂಡು ಹೊರಟಳು.

ಅದೇ ಅಧಿಕಾರಿ, ಅದೇ ಗೋಡೆ. ಅವನು ಇಬ್ಬರನ್ನೂ ನೋಡಿ ಕನ್ನಡಕ ತೆಗೆದ. "ಇದು ಆಗಲ್ಲಮ್ಮ. ನಿಮ್ಮ ತಮ್ಮ ಆಗಲೇ ತಕರಾರು ಕೊಟ್ಟಿದ್ದಾರೆ. ಅಣ್ಣಂಗೆ ಹುಚ್ಚು, ಅಕ್ಕ ಪುಸಲಾಯಿಸಿ ಬರೆಸಿಕೊಳ್ತಾಳೆ, ಬಿಡಬೇಡಿ ಅಂತ."

ಬುದ್ಧಿ ಬೆಂಕಿ ಎಂದಿದ್ದ ಅದೇ ಬಾಯಿ! ಅಕ್ಕನಿಗೆ ಅಲ್ಲೇ ಉಗಿಯಬೇಕು ಅನ್ನಿಸಿತು.

"ಅವನ ಮಾತು ಬಿಡಿ ಸಾರ್. ನನ್ನ ನೋಡಿ, ನನ್ನ ಕೇಳಿ" ಎಂದ ಅಣ್ಣ. "ಇವತ್ತು ತಾರೀಕು ಹೇಳ್ತೀನಿ, ಪತ್ರದಲ್ಲಿ ಏನಿದೆ ಹೇಳ್ತೀನಿ."

"ಅವರೊಬ್ಬರೇ ಹೇಳಿದ್ರೆ ಬೇರೆ ಮಾತು. ನಿಮ್ಮ ತಂಗೀನೇ ಬರೆದು ಕೊಟ್ಟಿದ್ದಾರಲ್ಲ, ನಿಮ್ಮ ಬುದ್ಧಿ ಸ್ಥಿಮಿತದಲ್ಲಿಲ್ಲ ಅಂತ. ಕೋರ್ಟಿಗೆ ಹೋಗಿ ತೀರ್ಮಾನ ಮಾಡಿಸ್ಕೊಂಡು ಬನ್ನಿ."

ಅಣ್ಣ ತಂಗಿಯ ಕಡೆ ತಿರುಗಿದ. ಸಿಟ್ಟಿರಲಿಲ್ಲ. ಏನೋ ಲೆಕ್ಕ ಹಾಕುವವನ ಹಾಗೆ ಕೇಳಿದ: "ಯಾವತ್ತಿಗೆ ಅಂತ ಬರೆದೆ? ಆ ಒಂದು ದಿನಕ್ಕಾ, ಯಾವತ್ತಿಗೂನಾ?"

ಗುಮಾಸ್ತ ಹೇಳಿದ್ದನ್ನು ಅವಳು ಬರೆದಿದ್ದಳು. ಅದರಲ್ಲಿ ದಿನದ ಮಾತೇ ಇರಲಿಲ್ಲ. "ಅದು... ಅವತ್ತು ಮನೆ ಹೋಗ್ಬಿಡ್ತಿತ್ತು ಅಣ್ಣ" ಎಂದಳು. ತನ್ನ ದನಿ ತನಗೇ ಹೇಸಿಗೆಯಾಯಿತು.

ಅಣ್ಣ ಎದ್ದು ಹೊರಗೆ ಬಂದ. ಮೆಟ್ಟಿಲಿಳಿಯುತ್ತ ಕೇಳಿದ: "ಅವನು ಬಂದಾಗೆಲ್ಲ ಬೇಡ ಬೇಡ ಅಂದೆ. ಇನ್ಮೇಲೆ ಆ ಬೇಡಕ್ಕೂ ಬೆಲೆ ಇಲ್ಲ, ಅಲ್ವಾ?"

ಸುಳ್ಳು ಹೇಳಬಹುದಿತ್ತು. ಅಷ್ಟು ವರ್ಷ ಅವನಿಗಾಗಿ ಸುಳ್ಳು ಹೇಳಿದವಳಿಗೆ ಆ ಹೊತ್ತಿಗೆ ಒಂದೂ ಸಿಗಲಿಲ್ಲ. "ಇಲ್ಲ ಅಣ್ಣ" ಎಂದಳು.

"ಹಾಗಾದ್ರೆ ಇನ್ನು ನನ್ನ ಏನೂ ಕೇಳಬೇಡ. ಕೇಳಿದ ಹಾಗೆ ನಾಟಕಾನೂ ಮಾಡಬೇಡ."

ರಸ್ತೆಯ ಅಂಚಿನಲ್ಲಿ ಇಬ್ಬರೂ ನಿಂತರು. ಬಿಸಿಲು ಚುರುಗುಟ್ಟುತ್ತಿತ್ತು. "ಆಟೋ ಹಿಡೀಲಾ ಅಣ್ಣ, ನಡ್ಕೊಂಡು ಹೋಗೋಣ್ವಾ?" ಎಂದು ಅವಳ ಬಾಯಿಂದ ಅಭ್ಯಾಸದಂತೆ ಬಂದುಬಿಟ್ಟಿತು. ಬುದ್ಧಿ ನೆಟ್ಟಗಿದ್ದ ಅಣ್ಣ ಎದುರಿನ ಅಂಗಡಿಯ ಬೋರ್ಡು ನೋಡುತ್ತ ಸುಮ್ಮನೆ ನಿಂತಿದ್ದ. ಅವಳು ಕಾದಳು. ಕೊನೆಗೆ ತಾನೇ ಕೈ ಮಾಡಿ ಒಂದು ಆಟೋ ನಿಲ್ಲಿಸಿದಳು. ಅವಳು ತೋರಿಸಿದ ಕಡೆ ಅವನು ಹತ್ತಿ ಕೂತ.