ಸಾಹುಕಾರರ ಬೇವಿನ ಮರದ ಬಿಜ್ಜು

೧೯೯೬ರಲ್ಲಿ ನಾನು ಓದು ನಿಲ್ಲಿಸಿದೆ. ಒಂಬತ್ತನೇ ಕ್ಲಾಸು. ಫೇಲಾಗಿ ಬಿಟ್ಟವನಲ್ಲ, ಪಾಸಾಗಿ ಬಿಟ್ಟವನು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ನಮ್ಮೂರು ಕುರ್ಡಿಯಲ್ಲಿ ಈಗಲೂ ಕೆಲವರು ಬೇರೆ ಥರ ಹೇಳುತ್ತಾರೆ. ಮನೆಯಲ್ಲಿ ದುಡಿಯುವ ಕೈ ಇನ್ನೊಂದು ಬೇಕಿತ್ತು. ಮಾನ್ವಿಯ ಒಂದು ಫೋಟೋ ಸ್ಟುಡಿಯೋದಲ್ಲಿ ಲೈಟು ಹಿಡಿಯುವ ಕೆಲಸ ಸಿಕ್ಕಿತು. ಮದುವೆಮನೆಗಳಲ್ಲಿ ಹೆಣ್ಣುಗಂಡಿನ ಮೋರೆಗೆ ಲೈಟು ಹಿಡಿದು ಹಿಡಿದು ನನ್ನ ಬಲಗೈ ಎಡಗೈಗಿಂತ ಗಟ್ಟಿಯಾಯಿತು. ಲೈಟು ಹಿಡಿಯುತ್ತಲೇ ಕ್ಯಾಮೆರಾ ಕಲಿತೆ, ಕ್ಯಾಮೆರಾ ಹಿಡಿಯುತ್ತಲೇ ರಾಯಚೂರಿಗೆ ಬಂದೆ, ಸ್ಟೇಷನ್ನಿಗೆ ಹೋಗುವ ರಸ್ತೆಯಲ್ಲಿ ನನ್ನದೇ ಸ್ಟುಡಿಯೋ ಹಾಕಿದೆ. ಬೋರ್ಡು ಬರೆಯಿಸಲಿಲ್ಲ, ನಾನೇ ಬರೆದೆ.

ಹಕ್ಕಿಯ ಹುಚ್ಚು ಹಿಡಿದದ್ದು ದೇವದುರ್ಗದ ದಾರಿಯಲ್ಲಿ. ಒಂದು ಮದುವೆಗೆ ಬೆಳಿಗ್ಗೆ ಬೈಕಿನಲ್ಲಿ ಹೊರಟಿದ್ದೆ. ಹೊಲದ ಮೇಲೆ ಬಿಳಿ ಹೊಟ್ಟೆಯ, ಕರಿ ಹೆಗಲಿನ ಒಂದು ಸಣ್ಣ ಹದ್ದು ಗಾಳಿಯಲ್ಲಿ ನಿಂತಲ್ಲೇ ನಿಂತಿತ್ತು. ಹಾರುತ್ತಿರಲಿಲ್ಲ, ಬೀಳುತ್ತಲೂ ಇರಲಿಲ್ಲ. ರೆಕ್ಕೆ ಬಡಿಯುತ್ತ ನಿಂತು ನೆಲ ನೋಡುತ್ತಿತ್ತು. ಆಮೇಲೆ ಕರೆಂಟಿನ ತಂತಿಯ ಮೇಲೆ ಕೂತು, ಕೆಂಪು ಕಣ್ಣಿನಿಂದ ನನ್ನನ್ನೇ ನೋಡಿತು. ನಾಲ್ಕು ಫೋಟೋ ಹೊಡೆದೆ. ಮದುವೆಗೂ ಸರಿಯಾದ ಹೊತ್ತಿಗೆ ಮುಟ್ಟಿದೆ, ಅಕ್ಕಿಕಾಳು ಬೀಳುವುದೂ ಸಿಕ್ಕಿತು. ತಪ್ಪಾದದ್ದು ಆಲ್ಬಮ್ಮಿನಲ್ಲಿ. ಗಂಡಿನ ಸೋದರಮಾವ ಮತ್ತು ಹೆಣ್ಣಿನ ದೊಡ್ಡಪ್ಪನ ನಡುವೆ, ಪೂರ್ತಿ ಒಂದು ಪುಟ, ಆ ಹದ್ದು ಕೂತುಬಿಟ್ಟಿತ್ತು.

ಆಲ್ಬಮ್ ಕೊಡಲು ಹೋದ ದಿನ ಗಂಡಿನ ಸೋದರತ್ತೆ ಪುಟ ತಿರುವುತ್ತ ಅಲ್ಲಿಗೆ ಬಂದು ನಿಂತರು. ಕನ್ನಡಕ ಸರಿಮಾಡಿಕೊಂಡರು.

"ಇವ್ರು ಯಾರ ಕಡೆಯವ್ರು?"

ಹೆಣ್ಣಿನ ಅಪ್ಪ ಬಗ್ಗಿ ನೋಡಿದರು. "ನಮ್ಮ ಕಡೆ ಇಷ್ಟು ಸಿಟ್ಟಿನವ್ರು ಯಾರೂ ಇಲ್ರೀ. ನಿಮ್ಮ ಕಡೆಯವ್ರ ಇರಬೇಕು."

ಆ ಪುಟ ತೆಗೆದು ಬೇರೆ ಹಾಕಿಕೊಟ್ಟೆ. ತೆಗೆದ ಪುಟವನ್ನು ಮಾತ್ರ ಬಿಸಾಡಲಿಲ್ಲ. ಅವತ್ತಿನಿಂದ ಸೀಸನ್ ಇಲ್ಲದ ದಿನಗಳಲ್ಲಿ ಕ್ಯಾಮೆರಾ ಹೊತ್ತುಕೊಂಡು ಹೊಲ ಹೊಲ ತಿರುಗಿದೆ. ಪುಸ್ತಕ ತರಿಸಿಕೊಂಡು ಒಂದೊಂದು ಹದ್ದಿನ ಹೆಸರನ್ನೂ ಬಾಯಿಪಾಠ ಮಾಡಿದೆ. ಶಾಲೆಯಲ್ಲಿ ಇಷ್ಟು ಓದಿದ್ದರೆ ನಾನು ಎಲ್ಲಿರುತ್ತಿದ್ದೆನೋ ಗೊತ್ತಿಲ್ಲ. ದೂರದ ಹಕ್ಕಿಗೆಂದು ಒಂದು ಉದ್ದ ಲೆನ್ಸು ತಂದು, ಮನೆಯಲ್ಲಿ "ಹೆಣ್ಣಿನ ಮೂಗುತಿ ಚಂದ ಬರ್ತದ" ಎಂದು ಹೇಳಿದೆ.

ಹೆಂಡತಿ ನಂಬಲಿಲ್ಲ. "ಹೆಣ್ಣುಗಂಡು ನಿಂದರು ಅಂದ್ರ ನಿಂದರ್ತಾರ, ನಗು ಅಂದ್ರ ನಗ್ತಾರ, ಮ್ಯಾಲ ಊಟಾನೂ ಹಾಕ್ತಾರ. ನಿಮ್ಮ ಹದ್ದು ಏನು ಹಾಕ್ತದ?"

ಉತ್ತರ ನನ್ನ ಅಂಗಿಯ ಹೆಗಲ ಮೇಲೆ ಬೆಳ್ಳಗೆ ಒಣಗಿತ್ತು. ಅಂಗಿ ಬಿಚ್ಚಿ ಒಗೆಯಲು ಹಾಕಿದೆ.

ನನಗೆ ಒಂದೇ ಒಂದು ಫೋಟೋದ ಆಸೆ ಇತ್ತು. ತಾಯಿ ಹದ್ದು ಬೇಟೆಯನ್ನು ಹರಿದು ಮರಿಗಳ ಬಾಯಿಗೆ ಇಡುವ ಫೋಟೋ. ಎಲ್ಲ ಸ್ಟುಡಿಯೋಗಳ ಮುಂದಿನ ಗಾಜಿನಲ್ಲೂ ಹೆಣ್ಣುಗಂಡಿನ ಜೋಡಿ ಇರುತ್ತದೆ. ನನ್ನ ಗಾಜಿನಲ್ಲಿ ಅದು ಇರಬೇಕು ಎಂದು. ಎಷ್ಟೋ ವರ್ಷ ಗೂಡು ಸಿಗಲಿಲ್ಲ. ಸಿಕ್ಕಿದ್ದು, ನಾನು ಹುಡುಕದೇ ಇದ್ದ ಜಾಗದಲ್ಲಿ: ಯಾಪಲದಿನ್ನಿ ಕಡೆಗೆ ಹೋಗುವ ರಸ್ತೆಯ ಒಂದು ರೈಸ್‌ಮಿಲ್ಲಿನ ಅಂಗಳದಲ್ಲಿ.

ಆ ಮಿಲ್ಲಿನ ಸಾಹುಕಾರರ ಮಗಳ ಮದುವೆಯ ಫೋಟೋ ಹೊಡೆದವನು ನಾನೇ. ಹಾಗಾಗಿ ಗೇಟಿನಲ್ಲಿ ತಡೆಯುವವರಿಲ್ಲ. ಕುದಿಸಿದ ಭತ್ತ ಒಣಹಾಕುವ ದೊಡ್ಡ ಸಿಮೆಂಟು ಕಟ್ಟೆ. ಅದರ ಅಂಚಿಗೆ ಒಂದು ಬೇವಿನ ಮರ. ಮರದ ಒಂದು ಟೊಂಗೆ ಕಟ್ಟೆಯ ಮೇಲೆ ಚಾಚಿಕೊಂಡಿದೆ. ಆ ಟೊಂಗೆಯ ಕವಲಿನಲ್ಲಿ ಕಡ್ಡಿಯ ಗೂಡು. ಒಳಗೆ ಮೂರು ಮರಿ, ಅರಳೆಯ ಉಂಡೆಗಳ ಹಾಗೆ. ಇನ್ನೂ ನೆಟ್ಟಗೆ ಕೂರಲೂ ಬರುತ್ತಿರಲಿಲ್ಲ. ಗೋದಾಮಿನ ಬಾಗಿಲಲ್ಲಿ ಒಟ್ಟಿದ ಚೀಲಗಳ ಮೇಲೆ ಹತ್ತಿ ಕೂತರೆ ಗೂಡು ಕಣ್ಣಿನ ನೇರಕ್ಕೆ. ಅಂಥ ಜಾಗ ಹುಡುಕಿದರೆ ಸಿಗುವುದಲ್ಲ.

ಸಾಹುಕಾರರ ಮನೆ ಮಿಲ್ಲಿಗೇ ಅಂಟಿಕೊಂಡಿದೆ. ಅವರ ತಾಯಿ, ಕಣ್ಣು ಮಂದವಾದ ಮುದುಕಿ, ದಿನಾ ಬೆಳಿಗ್ಗೆ ಸ್ನಾನ ಮುಗಿಸಿ ಹಣೆಗೆ ವಿಭೂತಿ ಹಚ್ಚಿಕೊಂಡು ಪಡಸಾಲೆಗೆ ಬಂದು, ಆ ಮರದ ಕಡೆಗೆ ಕೈ ಮುಗಿದು ಗಲ್ಲ ಗಲ್ಲ ಬಡಿದುಕೊಳ್ಳುತ್ತಿದ್ದರು. ಬೆಳಿಗ್ಗೆ ಗರುಡ ಕಂಡರೆ ಕೈ ಮುಗಿಯುವುದು ನಮ್ಮ ಕಡೆಯ ಪದ್ಧತಿ. ಸಾಹುಕಾರರೂ ತಾಯಿಯನ್ನು ನೋಡಿ ಮುಗಿಯುತ್ತಿದ್ದರು, ಅವರನ್ನು ನೋಡಿ ಗುಮಾಸ್ತ.

ಮೊದಲ ದಿನವೇ ಸಾಹುಕಾರರು ನನ್ನನ್ನು ಕರೆದು ಹೇಳಿದರು: "ನೋಡಪಾ, ಎಷ್ಟು ಮಿಲ್ಲು ಅದಾವ ರಾಯಚೂರಾಗ! ಗರುಡ ಬಂದು ಮನಿ ಮಾಡಿದ್ದು ನಮ್ಮ ಗಿಡದಾಗ. ಪುಣ್ಯ ಬೇಕು."

ಅಲ್ಲಿ ನಾನು ಹೂಂ ಅಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

"ಗರುಡ ಅಲ್ರೀ ಸಾವ್ಕಾರ್ರ, ಬಿಜ್ಜು," ಅಂದೆ. "ಗರುಡ ಬ್ಯಾರೆ. ಇದು ಸಣ್ಣ ಗಿಡುಗ."

"ಹೌದೇನು? ಏನು ತಿಂತದ?"

ಶಾಲೆ ಬಿಟ್ಟವನಿಗೆ ಉತ್ತರ ಗೊತ್ತಿರುವ ಪ್ರಶ್ನೆ ಕೇಳಬಾರದು. ಗೊತ್ತಿದ್ದದ್ದೆಲ್ಲ ಮುಗಿಯುವವರೆಗೆ ಅವನು ನಿಲ್ಲಿಸುವುದಿಲ್ಲ. ಬೆರಳು ಮಡಚಿ ಹೇಳಿದೆ: "ಹಲ್ಲಿ, ಓತಿಕ್ಯಾತ, ಇಲಿ, ಗುಬ್ಬಿ ಮರಿ, ಕಪ್ಪಿ, ಒಮ್ಮೊಮ್ಮಿ ಅಳಿಲು. ಮರಿಗೆ ಹರಿದು ಹರಿದು ತಿನ್ನಸ್ತದ್ರೀ, ಎಲುವು ಕೆಳಗ ಒಗಿತದ."

ಸಾಹುಕಾರರು ಸೋಮವಾರ ಉಳ್ಳಾಗಡ್ಡಿ ಕೂಡ ಮುಟ್ಟದ ಮನುಷ್ಯ. ಅವರು ಮೇಲೆ ನೋಡಿದರು. ಆಮೇಲೆ ಕೆಳಗೆ ಹರವಿದ್ದ ಭತ್ತ ನೋಡಿದರು. ಆ ಬಿಜ್ಜಿಗೂ ನನ್ನ ಮೇಲೆ ಏನು ಸಿಟ್ಟಿತ್ತೋ, ಅದೇ ಹೊತ್ತಿಗೆ ಒಂದು ಹಲ್ಲಿಯ ಬಾಲ ತಿರುತಿರುಗುತ್ತ ಬಂದು ಭತ್ತದ ಮೇಲೆ ಬಿತ್ತು.

"ಯಪ್ಪಾ! ಈ ಅಕ್ಕಿ ಮಠದ ದಾಸೋಹಕ್ಕ ಹೋಗತದಲೇ!" ಸಾಹುಕಾರರು ಎರಡು ಹೆಜ್ಜೆ ಹಿಂದೆ ಸರಿದರು. "ಯಾರಲೇ ಅಲ್ಲಿ? ಆ ಟೊಂಗಿ ಇವತ್ತ ಕಡೀರಿ!"

ಟೊಂಗೆ ಬಿದ್ದರೆ ಮರಿಗಳು ಸಿಮೆಂಟಿನ ಮೇಲೆ ಬೀಳುತ್ತವೆ. ರೆಕ್ಕೆ ಬಲಿಯಲು ಅವಕ್ಕೆ ಇನ್ನೂ ಮೂರು ವಾರವಾದರೂ ಬೇಕಿತ್ತು. ನನ್ನ ಫೋಟೋ ಹೋಗಲಿ, ನನ್ನ ಜಾಣತನಕ್ಕೆ ಮೂರು ಜೀವ ಹೋಗುತ್ತಿದ್ದವು. "ಸಾವ್ಕಾರ್ರ, ಮೂರು ವಾರ ಬಿಡ್ರಿ, ಅವು ಹಾರಿ ಹೋಗ್ತಾವ" ಎಂದು ಅಂಗಲಾಚಿದೆ.

"ಒಂದು ಕಾಳಾದ್ರೂ ತಿಂತದೇನದು?"

"ತಿನ್ನೂದಿಲ್ಲೇಳ್ರಿ..."

"ಒಂದ ಒಂದು ಕಾಳು ತಿನ್ನೂ ಫೋಟೋ ತಗದು ತೋರ್ಸು. ಟೊಂಗಿ ಉಳಸ್ತೀನಿ. ಇಲ್ಲಂದ್ರ ಕಡಸ್ತೀನಿ."

ಹಮಾಲರ ಮೇಸ್ತ್ರಿಯ ಕೈಗೆ ಕೊಡಲಿ ಬಂತು. ಅವನು ಅದರ ಅಲಗನ್ನು ಹೆಬ್ಬೆರಳಲ್ಲಿ ಮುಟ್ಟಿ ನೋಡಿ, ಕೆಳಗಿಟ್ಟು, ಬಹಳ ಭಕ್ತಿಯಿಂದ ಹೇಳಿದ: "ಇವತ್ತು ಸ್ವಾಮಾರ ಅದರೀ ಸಾವ್ಕಾರ್ರ. ಹಸರ ಗಿಡಕ್ಕ ಕೊಡ್ಲಿ ಹಚ್ಚಬಾರ್ದು."

"ಹಂಗಾರ ನಾಳಿ."

"ನಾಳಿ ಅಮಾಸಿರೀ. ಮಿಲ್ಲಿನ ಪೂಜಿ. ನಾಡದು ಪಾಡ್ಯ, ಪಾಡ್ಯಕ್ಕ ಯಾರು ಕೆಲಸ ಹಿಡೀತಾರ್ರೀ?"

ಸಾಹುಕಾರರು ಬೆರಳು ಮಡಚಿ ದಿನ ಎಣಿಸಿ, "ಹಂಗಾರ ಪಾಡ್ಯ ಕಳೀಲಿ" ಅಂದರು. ಅವರು ಒಳಗೆ ಹೋದ ಮೇಲೆ ಮೇಸ್ತ್ರಿ ನನ್ನ ಪಕ್ಕಕ್ಕೆ ಬಂದ. "ಅಣ್ಣಾ, ನಾನು ಬುದ್ಧ ವಿಹಾರಕ್ಕ ಹೋಗಾಂವ. ನನಗ ಹುಣ್ಣಿವಿ ಒಂದ, ಅಮಾಸಿ ಪಾಡ್ಯ ಏನೂ ಇಲ್ಲ. ಸಾವ್ಕಾರ್ರಿಗೆ ಅದಾವಲ್ಲ, ಹಂಗಾಗಿ ಹೇಳಿದೆ. ಇಷ್ಟು ದಿನ ತಗೊಂಡು ಕೊಟ್ಟೀನಿ. ಇನ್ನ ಮುಂದಿಂದು ನೀ ನೋಡ್ಕೋ. ನಿನಗ್ಯಾಕ ಬೇಕಿತ್ತಪಾ ಆ ಹಲ್ಲಿ ಲೆಕ್ಕ?"

ಭತ್ತ ಹರವುವ ಹೆಣ್ಣುಮಕ್ಕಳು ಸೆರಗು ಬಾಯಿಗಿಟ್ಟುಕೊಂಡು ನಕ್ಕರು.

ಹದ್ದಿಗೆ ಕಾಳು ತಿನ್ನಿಸುವ ಕೆಲಸ ಯಾವ ಪುಸ್ತಕದಲ್ಲೂ ಇಲ್ಲ. ಆದರೂ ಚೀಲಗಳ ಮೇಲೆ ಕೂತು ಕಾದೆ. ಅಮಾವಾಸ್ಯೆಯ ಬೆಳಿಗ್ಗೆ ಮಿಲ್ಲು ಬಂದ್ ಆಗಿತ್ತು, ಅಂಗಳದಲ್ಲಿ ಯಾರೂ ಇರಲಿಲ್ಲ. ತಾಯಿ ಬಿಜ್ಜು ಸೊಯ್ಯನೆ ಇಳಿದು ಭತ್ತದ ನಡುವೆ ನಿಂತು, ತಲೆ ತಗ್ಗಿಸಿ, ಕೊಕ್ಕನ್ನು ಕಾಳಿನೊಳಗೆ ಇಟ್ಟಿತು. ಹೊಡೆದೆ. ನೋಡಿದೆ. ದೇವರಾಣೆ, ಕೋಳಿ ಕಾಳು ತಿಂದ ಹಾಗೆಯೇ ಇತ್ತು!

ಪೂಜೆಯ ಊದುಬತ್ತಿಯ ಹೊಗೆಯ ನಡುವೆಯೇ ಫೋಟೋವನ್ನು ಮೊಬೈಲಿಗೆ ಹಾಕಿ ಸಾಹುಕಾರರಿಗೆ ತೋರಿಸಿದೆ. ಅವರು ಮೆತ್ತಗಾದರು. "ತಿಂತದಲ್ಲೋ!" ಅಂದರು. ನನ್ನ ಎದೆ ಉಬ್ಬಿತು. ಆಗ ಅವರು ಎರಡು ಬೆರಳಿಂದ ಫೋಟೋ ದೊಡ್ಡದು ಮಾಡಿದರು. ಇನ್ನೂ ದೊಡ್ಡದು ಮಾಡಿದರು. ಅಷ್ಟು ಚೊಕ್ಕ ಬರುವ ಲೆನ್ಸು ನಾನು ತರಬಾರದಿತ್ತು.

"ಕಾಳಿಗೆ ಬಾಲ ಇರತದೇನೋ?"

ಬಿಜ್ಜಿನ ಕಾಲಡಿಯಲ್ಲಿ ಇಲಿ ಇತ್ತು. ಆಗಲೂ ನಾನು ಸುಮ್ಮನಿರಲಿಲ್ಲ. "ನಿಮ್ಮ ನೆಲ್ಲು ತಿನ್ನೂ ಇಲಿನ ಹಿಡದದ್ರೀ ಸಾವ್ಕಾರ್ರ. ನಿಮಗ ಉಪಕಾರನ ಮಾಡೇದ."

ಸಾಹುಕಾರರು ಪೂಜೆಗೆ ಇಟ್ಟಿದ್ದ ಗಣಪತಿಯ ಕಡೆ ನೋಡಿದರು. ಗಣಪತಿಯ ಕಾಲ ಬಳಿ ಇಲಿ. ನಾನೂ ನೋಡಿದೆ.

"ಪೂಜಿ ದಿನ," ಅವರು ಮೊಬೈಲನ್ನು ನನ್ನ ಕೈಗೆ ತುರುಕಿದರು, "ಗಣಪ್ಪನ ವಾಹನಾನ ಅದು ತಿನ್ನೂ ಫೋಟೋ ತಗದು, ಗಣಪ್ಪನ ಮುಂದನ ತಂದು ತೋರಸ್ತೀಯೇನಲೇ?"

ಗುಮಾಸ್ತ ನನ್ನ ಕೈಗೆ ಬಾಳೆಹಣ್ಣು ಕೊಟ್ಟು ಗೇಟಿನವರೆಗೆ ಕಳಿಸಿಬಂದ.

ಪಾಡ್ಯ ಕಳೆಯಿತು. ಮಾರನೆಯ ಬೆಳಿಗ್ಗೆ ನಾನು ಹೋದಾಗ ಮರಕ್ಕೆ ಏಣಿ ಒರಗಿಸಿದ್ದರು. ಮೇಸ್ತ್ರಿಯ ಹತ್ತಿರ ಹೇಳಲು ಇನ್ನು ವಾರ ತಿಥಿ ಯಾವುದೂ ಉಳಿದಿರಲಿಲ್ಲ. ಏಣಿಯ ಒಂದೊಂದು ಮೆಟ್ಟಿಲನ್ನೂ ಅಲುಗಾಡಿಸಿ ನೋಡುತ್ತ ಹೊತ್ತು ಕಳೆಯುತ್ತಿದ್ದ. ತಾಯಿ ಬಿಜ್ಜು ಮೇಲೆ ಕೀ ಕೀ ಎಂದು ಒಂದೇ ಸಮನೆ ಕೂಗುತ್ತಿತ್ತು. ಆ ಕೂಗಿಗೆ ಮುದುಕಿ ಪಡಸಾಲೆಯಿಂದ ಎದ್ದು, ಗೋಡೆ ಹಿಡಿದು ಹೊರಗೆ ಬಂದರು.

"ಏನದು? ನನ್ನ ಗರುಡ ಯಾಕ ಒದರಾಕತ್ತದ?"

"ಯವ್ವಾ, ಅದು ಗರುಡ ಅಲ್ಲಂತ," ಸಾಹುಕಾರರು ಕಿವಿಯ ಹತ್ತಿರ ಹೋಗಿ ಕೂಗಿದರು. "ಬಿಜ್ಜಂತ. ಹಲ್ಲಿ ಇಲಿ ತಿಂತದಂತ. ಈ ಫೋಟೋದಾಂವ ಹೇಳಿದ."

ಮುದುಕಿ ನನ್ನ ಕಡೆ ತಿರುಗಿದರು. ನನಗೆ ನೆಲ ಬಿರಿದರೆ ಸಾಕಿತ್ತು.

"ನಾ ದಿನಾ ಕೈ ಮುಗದೀನಿ."

"ಗೊತ್ತಿಲ್ದ ಮುಗದಿ ಬಿಡಬೇ. ಗರುಡ ಅಂದ್ಕೊಂಡು ಮುಗದಿ."

"ನಿಮ್ಮಪ್ಪನ್ನ ಮದಿವಿ ದಿನ ನೋಡಿದಾಗ ರಾಜ ಅಂದ್ಕೊಂಡಿದ್ದೆ," ಅಂದರು ಮುದುಕಿ, ಎಲ್ಲರಿಗೂ ಕೇಳುವ ಹಾಗೆ. "ಅಲ್ಲ ಅಂತ ಒಂದ ವಾರದಾಗ ಗೊತ್ತಾತು. ಬಿಟ್ಟು ಹೋದ್ನೇನು? ಐವತ್ತು ವರ್ಷ ಅಡಗಿ ಮಾಡಿ ನೀಡಿದೆ. ಮುಗದ ಕೈ ಮುಗದಂಗ. ಏಣಿ ತಗಸು."

ಭತ್ತದ ಕಟ್ಟೆಯ ಮೇಲೆ ಹೆಣ್ಣುಮಕ್ಕಳು ಈ ಸಲ ಸೆರಗು ಬಾಯಿಗಿಟ್ಟುಕೊಳ್ಳಲೇ ಇಲ್ಲ, ಹಾಗೇ ನಕ್ಕರು. ಮೇಸ್ತ್ರಿ ಸಾಹುಕಾರರ ಅಪ್ಪಣೆಗೂ ಕಾಯದೆ ಏಣಿ ಇಳಿಸಿ ಹೆಗಲಿಗೇರಿಸಿದ. ಸಾಹುಕಾರರು ತಮ್ಮ ಅಪ್ಪ ರಾಜನಲ್ಲದ ಸಂಗತಿಯನ್ನು ನುಂಗಿಕೊಂಡರು. ಸಿಟ್ಟು ಎಲ್ಲಾದರೂ ಇಳಿಯಬೇಕಲ್ಲ, ನನ್ನ ಮೇಲೆ ಇಳಿಯಿತು.

"ನೆಲ್ಲಿನ ಮ್ಯಾಲ ಎಲುವು ಬೀಳಬಾರ್ದು. ಟೊಂಗಿ ಕೆಳಗ ತಾಡಪತ್ರಿ ಕಟ್ಟಸ್ತೀನಿ. ದಿನಾ ಮುಂಜಾನಿ ನೀನ ಬಂದು ಅದನ್ನ ಝಾಡಿಸಿ ತೊಳೀಬೇಕು. ಒಂದಿನ ತಪ್ಪಿತು, ಏಣಿ ಹಚ್ಚಿದೆ ತಿಳ್ಕೋ."

ಸ್ವಂತ ಸ್ಟುಡಿಯೋ ಇರುವ ಮನುಷ್ಯ ನಾನು. ದಿನಾ ಬೆಳಿಗ್ಗೆ ತಾಡಪತ್ರಿ ಬಿಚ್ಚಿ, ಹಲ್ಲಿಯ ಬಾಲ, ಗುಬ್ಬಿಯ ಪುಕ್ಕ, ಹಿಕ್ಕೆ ಎಲ್ಲ ಝಾಡಿಸಿ, ನೀರು ಹೊಡೆದು ಮತ್ತೆ ಕಟ್ಟುತ್ತಿದ್ದೆ. ಹೆಣ್ಣುಮಕ್ಕಳು ದಿನಾ ಕೇಳುತ್ತಿದ್ದರು: "ಅಣ್ಣಾ, ಇವತ್ತು ಏನು ಅಡಗಿ ಮಾಡಿತ್ತು ನಿಮ್ಮ ಬೀಗತಿ?" ಹೆಂಡತಿಗೆ ಹೇಳಿರಲಿಲ್ಲ, ವಾಸನೆಯೇ ಹೇಳಿತು. ಅವಳು ಒಂದು ಹಳೆಯ ಅಂಗಿ ತೆಗೆದು ಬಾಗಿಲ ಹೊರಗಿನ ಮೊಳೆಗೆ ನೇತುಹಾಕಿದಳು. "ಹದ್ದಿನ ಮನಿ ಜೀತಕ್ಕ ಇದನ್ನ ಹಾಕ್ಕೊಂಡು ಹೋಗ್ರಿ" ಅಂದಳು, ಅಷ್ಟೇ.

ಆದರೆ ದಿನಾ ಕಾಲಡಿಯಲ್ಲಿ ಕಸ ಹೊಡೆಯುವವನನ್ನು ಬಿಜ್ಜು ಲೆಕ್ಕಕ್ಕೇ ಇಡಲಿಲ್ಲ. ಎರಡನೇ ವಾರ, ನಾನು ಚೀಲಗಳ ಮೇಲೆ ಕೂತಿದ್ದಾಗ, ನನ್ನ ಕಡೆ ಒಮ್ಮೆ ನೋಡಿ, ನೀನೇನಾ ಅನ್ನುವ ಹಾಗೆ ಕತ್ತು ತಿರುಗಿಸಿ, ಓತಿಕ್ಯಾತವನ್ನು ಹರಿದು ಹರಿದು ಮೂರೂ ಬಾಯಿಗೆ ಇಟ್ಟಿತು. ಬಿಸಿಲು ಸರಿಯಾಗಿ ಅದರ ಕಣ್ಣಿಗೆ ಬಿದ್ದಿತ್ತು, ಹೊಡೆದೆ. ಅಷ್ಟು ವರ್ಷ ಲೈಟು ಹಿಡಿದ ನನಗೆ ಸೂರ್ಯ ಅವತ್ತು ಲೈಟು ಹಿಡಿದ.

ಮರಿಗಳು ಹಾರಿದ್ದೂ ನಾನಿದ್ದಾಗಲೇ. ಮೊದಲನೆಯದು ಹಾರಿ ಮಿಲ್ಲಿನ ತಗಡಿನ ಮೇಲೆ ಜಾರುತ್ತ ಕೂತಾಗ ನನ್ನ ಎರಡೂ ಕೈಯಲ್ಲಿ ಒದ್ದೆ ತಾಡಪತ್ರಿ. ಕ್ಯಾಮೆರಾ ಚೀಲದಲ್ಲಿತ್ತು. ಉಳಿದೆರಡು ನಾನು ಕೈ ಒರೆಸಿಕೊಳ್ಳುವಷ್ಟರಲ್ಲಿ ಹೋದವು. ಮೇಸ್ತ್ರಿ ಹಣೆಗೆ ಕೈ ಅಡ್ಡ ಹಿಡಿದು ಅವು ಹೋದ ದಿಕ್ಕನ್ನೇ ಬಹಳ ಹೊತ್ತು ನೋಡಿದ. "ಯಾವ ದಿನ ಇವತ್ತು?" ಅಂದ. "ಒಳ್ಳೇ ದಿನಾನ ಇರಬೇಕು."

ಮುದುಕಿ ನನ್ನನ್ನು ಕರೆಸಿದರು. "ತಮ್ಮಾ, ನನ್ನ ಗರುಡಂದು ಒಂದು ಫೋಟೋ ಕಟ್ಟು ಹಾಕಿಸಿಕೊಡು. ದೇವರ ಜಗಲಿ ಮ್ಯಾಲ ಇಡ್ತೀನಿ."

ಮದುವೆ ಆಲ್ಬಮ್ಮುಗಳಲ್ಲಿ ಬೇಡವಾದ ನೆಂಟರನ್ನು ಕತ್ತರಿಸಿ ಪಳಗಿದ ಕೈ ನನ್ನದು. ಓತಿಕ್ಯಾತವನ್ನು ಕಾಣದ ಹಾಗೆ ತೆಗೆದು, ತಾಯಿ ಮತ್ತು ಮೂರು ಮರಿ ಮಾತ್ರ ಉಳಿಸಿ, ಕಟ್ಟು ಹಾಕಿಸಿ ಒಯ್ದು ಕೊಟ್ಟೆ. ಸಾಹುಕಾರರೂ ಬಂದು ಅದನ್ನು ಹತ್ತಿರದಿಂದ ನೋಡಿದರು. ಎರಡು ಬೆರಳು ಫೋಟೋದ ಮೇಲಿಟ್ಟು ಅಗಲಿಸಿದರು. ಅದು ಕಾಗದ, ದೊಡ್ಡದಾಗಲಿಲ್ಲ.

"ಗರುಡ ಎಷ್ಟು ಚಂದ ಬಂದಾನಲ್ಲೋ!" ಅಂದರು ಮುದುಕಿ.

ಸಾಹುಕಾರರು ನನ್ನ ಬಾಯಿಯನ್ನೇ ನೋಡುತ್ತಿದ್ದರು.

"ಹೂನ್ರೀ ಅವ್ವಾರ," ಅಂದೆ.

ಈಗ ನನ್ನ ಹತ್ತಿರ ಇರುವುದು: ಒಂದು ಸ್ಟುಡಿಯೋ, ಎರಡು ಕ್ಯಾಮೆರಾ, ಒಂದು ಉದ್ದ ಲೆನ್ಸು, ಒಂದು ಬೈಕು, ಒಬ್ಬಳು ಹೆಂಡತಿ, ಇಬ್ಬರು ಮಕ್ಕಳು, ಮೊಳೆಗೆ ನೇತುಹಾಕಿದ ಒಂದು ಹಳೆಯ ಅಂಗಿ. ಸ್ಟುಡಿಯೋದ ಗಾಜಿನಲ್ಲಿ ಒಂದು ತಾಯಿ ಬಿಜ್ಜು, ಮೂರು ಮರಿ, ಒಂದು ಓತಿಕ್ಯಾತ. ಮರಿಗಳು ಹಾರಿದ ಫೋಟೋ ಒಂದೂ ಇಲ್ಲ.